ಅರ್ಧಕ್ಕೆ ನಿಂತ ಪಟ್ಟಿ

ನಾನು ಕೆಲಸ ಬಿಡುವ ಕೊನೆಯ ವಾರದಲ್ಲಿ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಮೇಜಿನ ಹತ್ತಿರ ಬಂದಳು. ಬೆಂಗಳೂರಿನವಳು. ‘ಸರ್, ನಿಮ್ ಕಾಲ್ದಲ್ಲಿ ವೆಬ್ ಪೇಜ್ ಅಂದ್ರೆ ಬರೀ ಟೆಕ್ಸ್ಟು, ನಾಲ್ಕು ಫೋಟೊ, ಅಷ್ಟೇ ಅಲ್ವಾ? ಸಖತ್ ಈಸಿ ಇತ್ತು ಬಿಡಿ’ ಅಂದಳು. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ‘ಹೌದವ್ವಾ, ಭಾಳ ಸುಲಭ ಇತ್ತು’ ಎಂದು ಹೇಳಿ ಚಹಾ ಕುಡಿಯಲು ಎದ್ದು ಹೋದೆ.

ಅವತ್ತು ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಇವುಗಳ ಸುದ್ದಿ ಇದರಲ್ಲಿ ಬರುವುದಿಲ್ಲ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದ ಹಿರಿಯರು ಹಂಚಿನಾಳ ಎಂಬ ನನ್ನ ಅಡ್ಡಹೆಸರಿಗೆ ತಮ್ಮ ಮರಾಠಿ ರೂಢಿಯಂತೆ ಬಾಲ ಸೇರಿಸಿ ‘ಹಂಚಿನಾಳ್ಕರ್’ ಎಂದೇ ಕರೆದರು. ಅಷ್ಟು ವರ್ಷ ತಿದ್ದಿ ತಿದ್ದಿ ನನಗೂ ಸಾಕಾಗಿತ್ತು. ನಾನು ಬರೆಯುತ್ತಿರುವುದು ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ. ಓದಿ ಸಿಟ್ಟು ಬಂದರೆ ಬರಲಿ, ನನಗಂತೂ ಇನ್ನೂ ಇಳಿದಿಲ್ಲ.

ನಾನು ವಿಜಾಪುರದ ಕಡೆಯವನು. ಪುಣೆಗೆ ಬಂದದ್ದು ಟೈಪಿಸ್ಟ್ ಆಗಿ. ಅಪ್ಪಾ ಬಳವಂತ ಚೌಕದ ಹಿಂದಿನ ಒಂದು ಗಲ್ಲಿಯಲ್ಲಿ ಪೆಂಡ್ಸೆ ಸಾಹೇಬರ ಮುದ್ರಣಾಲಯವಿತ್ತು. ಲಗ್ನಪತ್ರಿಕೆ, ಬಿಲ್ಲಿನ ಪುಸ್ತಕ, ಟ್ಯೂಷನ್ ಕ್ಲಾಸಿನವರ ಜಾಹೀರಾತು, ಏನು ಬಂದರೂ ಮಾಡುತ್ತಿದ್ದೆವು. ಕಂಪ್ಯೂಟರ್ ಬಂದ ಮೇಲೆ ಪುಟ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಸಾಹೇಬರು ಯಾವುದೋ ಪ್ರದರ್ಶನ ನೋಡಿ ಬಂದವರೇ ನನ್ನನ್ನು ಕರೆದು, ‘ಇನ್ನು ಮುಂದೆ ನಾವು ವೆಬ್ ಪುಟ ಮಾಡುವುದು. ನೀವೇ ಮುಖ್ಯಸ್ಥರು’ ಅಂದರು. ನನ್ನ ಕೈಕೆಳಗೆ ಒಬ್ಬರೂ ಇರಲಿಲ್ಲ. ಅವತ್ತಿನ ತನಕ ನಾನು ಒಂದು ವೆಬ್ ಪುಟವನ್ನೂ ಕಣ್ಣಾರೆ ನೋಡಿರಲಿಲ್ಲ. ಬಾಗಿಲಿಗೆ ಮಾತ್ರ ‘ವೆಬ್ ವಿಭಾಗ’ ಎಂಬ ಫಲಕ ಮರುದಿನವೇ ಬಂತು.

ಫುಟ್‌ಪಾತಿನಲ್ಲಿ ಒಂದು ಹಳೆಯ ಪುಸ್ತಕ ಸಿಕ್ಕಿತು. ಅದನ್ನು ಓದಿಕೊಂಡು ಕಲಿತೆ. ನಿಜ ಹೇಳಬೇಕೆಂದರೆ ಮೊದಲ ಪಾಠ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಹಾಳೆ ತೆರೆದಂತೆ ನೋಟ್‌ಪ್ಯಾಡ್ ತೆರೆಯಬೇಕು. ಹೇಳಬೇಕಾದ ಮಾತನ್ನು ಬರೆಯಬೇಕು. ಇದು ಶೀರ್ಷಿಕೆ, ಇದು ಹೊಸ ಸಾಲು, ಇಲ್ಲಿಂದ ದಪ್ಪ ಅಕ್ಷರ ಎಂದು ಎರಡು ಚೂಪು ಕಂಸಗಳ ನಡುವೆ ಗುರುತು ಹಾಕಬೇಕು. ಎಲ್ಲಿ ಶುರು ಮಾಡಿದೆವೋ ಅದನ್ನು ಮುಗಿಸುವ ಗುರುತೂ ಹಾಕಬೇಕು. ನಾನು ಮೊದಲ ದಿನ ಮುಗಿಸುವ ಗುರುತು ಮರೆತದ್ದರಿಂದ ಇಡೀ ಪುಟ ಕರ್ರಗೆ ದಪ್ಪವಾಗಿ ಕೂತಿತ್ತು. ಕಡತವನ್ನು ಉಳಿಸಿ ಬ್ರೌಸರ್‌ನಲ್ಲಿ ತೆರೆದರೆ ಗುರುತುಗಳು ಮಾಯವಾಗಿ ಪುಟ ಕಾಣುತ್ತದೆ. ಮೊದಲ ಸಲ ಕಂಡಾಗ ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ. ಆ ಖುಷಿ ಖರೆ. ಅದನ್ನು ಇಲ್ಲ ಎನ್ನುವುದಿಲ್ಲ.

ಪುಟ ಬರೆಯುವುದು ಅರ್ಧ ಕೆಲಸ, ಇನ್ನೊಬ್ಬರು ಅದನ್ನು ನೋಡುವುದು ಉಳಿದ ಅರ್ಧ. ಇದನ್ನು ಆ ಪುಸ್ತಕ ಹೇಳಿರಲಿಲ್ಲ. ಭೋಸರಿಯ ಒಬ್ಬ ಪಂಪ್ ಕಾರ್ಖಾನೆಯ ಮಾಲಕರು ನನಗೆ ಕಲಿಸಿದರು, ಅದೂ ಬೈದು ಕಲಿಸಿದರು. ಅವರ ಪಂಪುಗಳ ಫೋಟೊ ಹಾಕಿ ಚಂದದ ಪುಟ ಮಾಡಿದ್ದೆ. ನಮ್ಮ ಕಚೇರಿಯಲ್ಲಿ ನೋಡಿ ಎಲ್ಲರೂ ಮೆಚ್ಚಿದರು. ಮಾಲಕರು ತಮ್ಮ ಕಾರ್ಖಾನೆಯಲ್ಲಿ ಹೊರದೇಶದ ಒಬ್ಬ ಗಿರಾಕಿಯನ್ನು ಕೂರಿಸಿಕೊಂಡು ಪುಟ ತೆರೆದರೆ ಒಂದೇ ಒಂದು ಪಂಪ್ ಇಲ್ಲ. ಸಾಲಾಗಿ ಖಾಲಿ ಚೌಕಗಳು, ಪ್ರತಿಯೊಂದರ ಮೂಲೆಯಲ್ಲಿ ಒಂದು ಕೆಂಪು ಗುಣಾಕಾರ ಚಿಹ್ನೆ. ಫೋಟೊ ಎಲ್ಲಿದೆ ಎಂದು ತಿಳಿಸುವ ಜಾಗದಲ್ಲಿ ನಾನು ನನ್ನದೇ ಕಂಪ್ಯೂಟರಿನ ಸಿ ಡ್ರೈವಿನ ವಿಳಾಸ ಬರೆದಿದ್ದೆ. ನನ್ನ ಮಶಿನ್ನಿನಲ್ಲಿ ಫೋಟೊ ಇತ್ತು, ಆದ್ದರಿಂದ ನನಗೆ ಕಾಣುತ್ತಿತ್ತು. ಅವರ ಮಶಿನ್ನಿನಲ್ಲಿ ಎಲ್ಲಿಂದ ಬರಬೇಕು?

ಮಾಲಕರು ಫೋನಿನಲ್ಲಿ ಮರಾಠಿಯ ಎಲ್ಲ ಬೈಗುಳಗಳ ಪರಿಚಯ ಮಾಡಿಕೊಟ್ಟರು. ತಪ್ಪು ನನ್ನದೇ ಇತ್ತು. ಅವತ್ತಿನಿಂದ ಯಾವ ಪುಟ ಮಾಡಿದರೂ ನನ್ನದಲ್ಲದ ಒಂದು ಮಶಿನ್ನಿನಲ್ಲಿ ಕೂತು ನೋಡುವ ಚಟ ಹಿಡಿಯಿತು.

ನಾನು ಮನೆ ಮಾಡಿದ್ದು ಕೂಲಿಕಾರರು, ಸಣ್ಣ ನೌಕರರು ಇರುವ ಯೆರವಡಾದಲ್ಲಿ. ನಮ್ಮ ಓಣಿಯ ತುದಿಗೆ ಸಲೀಂಭಾಯಿಯ ಸೈಬರ್ ಕೆಫೆ. ಪ್ಲೈವುಡ್ ಹೊಡೆದು ಮಾಡಿದ ಐದು ಗೂಡು, ಐದಕ್ಕೂ ಸೇರಿ ಒಂದೇ ಫೋನ್ ಲೈನು. ಅದು ಕೊಂಯ್ ಕೊಂಯ್ ಅಂತ ಅರಚಿ ಸಂಪರ್ಕ ಹಿಡಿಯುತ್ತಿತ್ತು, ಯಾರಾದರೂ ಕೆಮ್ಮಿದರೂ ಬಿಟ್ಟುಬಿಡುತ್ತದೋ ಅನಿಸುತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಹೋಗಿ ಆ ವಾರದ ನಮ್ಮ ಪುಟಗಳನ್ನು ನೋಡುತ್ತಿದ್ದೆ. ಕಚೇರಿಯಲ್ಲಿ ಪಟ್ಟನೆ ಮೂಡುವ ಪುಟ ಅಲ್ಲಿ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಅಕ್ಷರ ಬೇಗ ಬರುತ್ತಿತ್ತು, ಚಿತ್ರಕ್ಕೆ ಮಾತ್ರ ಕಾದು ಕಾದು ಕಣ್ಣು ಸೋಲುತ್ತಿತ್ತು.

ಇದನ್ನು ಸಾಹೇಬರಿಗೆ ಹೇಳಿದೆ. ‘ಸಾಹೇಬ್, ಚಿತ್ರ ಕಡಿಮೆ ಮಾಡೋಣ, ಸಣ್ಣದು ಮಾಡೋಣ. ಹೊರಗೆ ನೋಡುವವರಿಗೆ ಭಾಳ ಹೊತ್ತು ಹಿಡಿಯುತ್ತದೆ.’

‘ಎಲ್ಲಿ ನೋಡಿದಿರಿ?’

‘ಯೆರವಡಾದಲ್ಲಿ.’

ಅವರು ನಕ್ಕರು. ‘ನಮ್ಮ ಗಿರಾಕಿಗಳು ಯೆರವಡಾದಲ್ಲಿ ಇರುವುದಿಲ್ಲ, ಹಂಚಿನಾಳ್ಕರ್.’

ನಾನಿದ್ದೆ. ನನ್ನಂಥ ಸಾವಿರ ಮಂದಿ ಇದ್ದರು. ಆದರೆ ಬಾಯಿ ಬಿಡಲಿಲ್ಲ. ಈಗ ನೆನೆಸಿಕೊಂಡರೆ ಅವರ ಮೇಲೆ ಎಷ್ಟು ಸಿಟ್ಟು ಬರುತ್ತದೋ ನನ್ನ ಮೇಲೂ ಅಷ್ಟೇ ಬರುತ್ತದೆ.

ಪೆಂಡ್ಸೆ ಸಾಹೇಬರ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಅವರು ವೆಬ್ ಪುಟವನ್ನು ಪರದೆಯ ಮೇಲೆ ನೋಡುತ್ತಲೇ ಇರಲಿಲ್ಲ. ಮುದ್ರಣದ ಮನುಷ್ಯ, ಕಾಗದ ಕೈಗೆ ಬಂದರೇ ಸಮಾಧಾನ. ನಾನು ಪ್ರತಿ ಪುಟವನ್ನೂ ಪ್ರಿಂಟ್ ತೆಗೆದು ಅವರ ಮೇಜಿಗೆ ಒಯ್ಯಬೇಕು. ಅವರು ಕನ್ನಡಕ ಏರಿಸಿ ಕರಡು ತಿದ್ದುವಂತೆ ಕೆಂಪು ಪೆನ್ಸಿಲಿನಲ್ಲಿ ತಿದ್ದುವರು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಕೊಂಡಿಗಳ ಕೆಳಗೆ ನೀಲಿ ಗೆರೆ ಇರುತ್ತದಲ್ಲ, ‘ಇಷ್ಟೊಂದು ಅಡಿಗೆರೆ ಸಭ್ಯವಾಗಿ ಕಾಣುವುದಿಲ್ಲ’ ಎಂದು ಅವನ್ನೆಲ್ಲ ಹೊಡೆದುಹಾಕುವರು. ಒತ್ತುವುದು ಎಲ್ಲಿ ಎಂದು ಓದುವವನಿಗೆ ಹೇಗೆ ತಿಳಿಯಬೇಕು ಎಂದು ಕೇಳಿದರೆ, ‘ತಿಳಿದವರಿಗೆ ತಿಳಿಯುತ್ತದೆ’ ಅನ್ನುವರು. ಕೊನೆಗೆ ಸಹಿ ಮಾಡಿ ಕಾಗದವನ್ನು ಒಂದು ಹಸಿರು ಫೈಲಿಗೆ ಸೇರಿಸುವರು. ಸಹಿ ಇಲ್ಲದೆ ಒಂದು ಅಲ್ಪವಿರಾಮ ಕೂಡ ಸರ್ವರ್ ಕಂಪ್ಯೂಟರಿಗೆ ಏರುವಂತಿರಲಿಲ್ಲ. ಏರಿದ ಮೇಲೆ ಅದು ಅಲ್ಲಿ ಹೇಗೆ ಕಾಣುತ್ತದೆ, ಕಾಣುತ್ತದೋ ಇಲ್ಲವೋ, ಅದು ಅವರ ಲೆಕ್ಕದಲ್ಲೇ ಇರಲಿಲ್ಲ. ಫೈಲಿನಲ್ಲಿದ್ದರೆ ಲೋಕದಲ್ಲಿದ್ದಂತೆ.

ಇನ್ನು ಶಿಕ್ಕಾ, ಅಂದರೆ ಮೊಹರು. ಗುಂಡಗಿನ ರಬ್ಬರ್ ಶಿಕ್ಕಾ ಒತ್ತದ ಕಾಗದವನ್ನು ಅವರು ಕಾಗದ ಎಂದೇ ಒಪ್ಪುತ್ತಿರಲಿಲ್ಲ. ಯಾವ ಸೂಚನೆ ತೋರಿಸಿದರೂ ಮೊದಲ ಪ್ರಶ್ನೆ ‘ಶಿಕ್ಕಾ ಕುಠೆ ಆಹೆ?’ ಅಂದರೆ, ಶಿಕ್ಕಾ ಎಲ್ಲಿದೆ? ನಾವು ಕಚೇರಿಯವರು ಅವರ ಬೆನ್ನ ಹಿಂದೆ ಊಟದ ಡಬ್ಬಿ ತೆರೆಯುವಾಗಲೂ ಚಪಾತಿಗೆ ಶಿಕ್ಕಾ ಬಿದ್ದಿದೆಯೇ ಎಂದು ಒಬ್ಬರನ್ನೊಬ್ಬರು ಕೇಳಿ ನಗುತ್ತಿದ್ದೆವು. ಆಗ ನಗು ಬರುತ್ತಿತ್ತು.

ಒಂದು ವರ್ಷ ಮಳೆಗಾಲದ ಮೊದಲಲ್ಲಿ ನರ್ಸಿಂಗ್ ತರಬೇತಿ ಕೊಡುವ ಒಂದು ಸಂಸ್ಥೆಯ ಕೆಲಸ ಬಂತು. ಧರ್ಮಾರ್ಥ ನಡೆಸುವ ಆಸ್ಪತ್ರೆಯದು, ಬಡ ಹುಡುಗಿಯರಿಗೆ ಅಲ್ಲೇ ಊಟ, ವಸತಿ. ಅಲ್ಲಿ ಓದು ಮುಗಿಸಿದರೆ ನೌಕರಿ ಗ್ಯಾರಂಟಿ ಎಂದು ಜನ ಹೇಳುತ್ತಿದ್ದರು. ಪ್ರತಿ ವರ್ಷ ಆಯ್ಕೆಯಾದ ನಲವತ್ತು ಹುಡುಗಿಯರಿಗೆ ಅವರು ಕಾರ್ಡು ಬರೆದು ತಿಳಿಸುತ್ತಿದ್ದರು. ನಮ್ಮ ಸಾಹೇಬರೇ ಅವರಿಗೆ, ‘ಕಾರ್ಡು ಯಾಕೆ, ಪಟ್ಟಿಯನ್ನು ವೆಬ್‌ಸೈಟಿಗೆ ಹಾಕಿ. ಲೋಕವೆಲ್ಲ ನೋಡುತ್ತದೆ’ ಎಂದು ಒಪ್ಪಿಸಿದರು. ಆ ವರ್ಷ ಕಾರ್ಡು ನಿಂತುಹೋಯಿತು. ಪಟ್ಟಿ ಪ್ರಕಟವಾದ ಏಳು ದಿನದೊಳಗೆ ಹುಡುಗಿ ಖುದ್ದಾಗಿ ಬಂದು ಹಾಜರಿ ಹಾಕದಿದ್ದರೆ ಜಾಗ ಮುಂದಿನವಳಿಗೆ. ನಿಯಮ ಮಾತ್ರ ಹಳೆಯದೇ ಉಳಿಯಿತು.

ಪಟ್ಟಿ ನಮ್ಮ ಕೈಗೆ ಬಂದದ್ದು ಟೈಪ್ ಮಾಡಿದ ಒಂದು ಹಾಳೆಯಲ್ಲಿ. ನಲವತ್ತು ಹೆಸರು, ಕೆಳಗೆ ಪ್ರಾಚಾರ್ಯರ ಸಹಿ, ಶಿಕ್ಕಾ. ನಾನು ಹೆಸರುಗಳನ್ನು ಪುಟದಲ್ಲಿ ಬರೆಯತೊಡಗಿದೆ. ನಾಲ್ಕೈದು ಹೆಸರು ಆಗಿದ್ದಾಗ ಸಾಹೇಬರು ಹಿಂದೆ ಬಂದು ನಿಂತರು.

‘ಶಿಕ್ಕಾ ಕುಠೆ ಆಹೆ?’

‘ಸಾಹೇಬ್, ಇದು ಬರೇ ಅಕ್ಷರ. ಅಕ್ಷರ ಬೇಗ ಬರುತ್ತದೆ.’

‘ಯಾರು ಬೇಕಾದರೂ ಟೈಪ್ ಮಾಡಬಹುದು. ಜನ ನಂಬಬೇಕಲ್ಲ? ಹಾಳೆಯನ್ನು ಹಾಗೇ ಸ್ಕ್ಯಾನ್ ಮಾಡಿ ಚಿತ್ರ ಹಾಕಿ. ಶಿಕ್ಕಾದ ಅಂಚಿನ ಅಕ್ಷರ ಕೂಡ ಸ್ಪಷ್ಟ ಓದಲು ಬರಬೇಕು.’

ಶಿಕ್ಕಾದ ಅಂಚು ಸ್ಪಷ್ಟ ಬರಬೇಕೆಂದರೆ ಚಿತ್ರ ಎಷ್ಟು ಭಾರವಾಗುತ್ತದೆ ಎಂದು ನನಗೆ ಗೊತ್ತಿತ್ತು. ಪುಣೆಯಲ್ಲಿ ಆಗ ಅದು ನನ್ನಷ್ಟು ಚೆನ್ನಾಗಿ ಗೊತ್ತಿದ್ದವರು ಹೆಚ್ಚು ಮಂದಿ ಇರಲಿಲ್ಲ. ಆದರೂ ಸ್ಕ್ಯಾನ್ ಮಾಡಿದೆ. ಪುಟದ ಕೊನೆಗೆ ಎಂದಿನಂತೆ ನಮ್ಮ ಕಂಪನಿಯ ಹೆಸರು, ವಿಳಾಸ ಬರೆದೆ. ಪ್ರಿಂಟ್ ತೆಗೆದೆ. ಸಾಹೇಬರು ಶಿಕ್ಕಾ ನೋಡಿ ತಲೆದೂಗಿ ಸಹಿ ಹಾಕಿದರು. ಶನಿವಾರ ಸಂಜೆ ಪಟ್ಟಿ ಏರಿತು.

ಭಾನುವಾರ ಬೆಳಿಗ್ಗೆ ಸಲೀಂಭಾಯಿಯ ಕೆಫೆಯಲ್ಲಿ ಅದನ್ನು ತೆರೆದೆ. ಚಿತ್ರ ಗೆರೆಗೆರೆಯಾಗಿ ಇಳಿಯತೊಡಗಿತು. ಇಪ್ಪತ್ತನೆಯ ಹೆಸರಿನ ಹತ್ತಿರ ಲೈನು ಕಡಿಯಿತು. ಕೆಳಗೆಲ್ಲ ಬರೀ ಬಿಳಿ. ಮೂಲೆಯಲ್ಲಿ ಬ್ರೌಸರ್ ‘ಡನ್’ ಎಂದು ತೋರಿಸುತ್ತಿತ್ತು, ಅಂದರೆ ಮುಗಿಯಿತು. ಇನ್ನೊಮ್ಮೆ ತೆರೆದೆ, ಮತ್ತೆ ಅಲ್ಲೇ ಆಸುಪಾಸಿನಲ್ಲಿ ನಿಂತಿತು. ಮೂರನೆಯ ಸಲ ಪೂರ್ತಿ ಬಂತು. ಸಲೀಂಭಾಯಿ ಹಿಂದಿಯಲ್ಲಿ, ‘ಕಾಕಾ, ನಿಮ್ಮ ಪುಟ ಭಾರಿ ತೂಕ’ ಎಂದು ಚೇಷ್ಟೆ ಮಾಡಿದ. ನಾನೂ ನಕ್ಕೆ. ಜನ ಇನ್ನೊಮ್ಮೆ ಪ್ರಯತ್ನ ಮಾಡುತ್ತಾರೆ ಬಿಡು ಎಂದುಕೊಂಡೆ. ಸೋಮವಾರ ಸಾಹೇಬರಿಗೆ ಹೇಳಲಿಲ್ಲ. ಹೇಳಿದ್ದರೆ ಮತ್ತೆ ಯೆರವಡಾದ ಮಾತು ಬರುತ್ತಿತ್ತು, ಮತ್ತೆ ಆ ನಗು. ನನ್ನ ಮಾನ ಉಳಿಸಿಕೊಂಡೆ.

ಅದಾಗಿ ಹತ್ತೋ ಹನ್ನೊಂದೋ ದಿನಕ್ಕೆ ಕಚೇರಿಗೆ ಒಬ್ಬ ಮನುಷ್ಯ, ಅವನ ಮಗಳು ಬಂದರು. ಅವನ ಅಂಗಿಯ ತೋಳಿಗೆ ಸಿಮೆಂಟು ಒಣಗಿ ಹತ್ತಿತ್ತು. ಹುಡುಗಿಗೆ ಹದಿನೆಂಟು ಇರಬಹುದು, ಎರಡು ಜಡೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ನನ್ನ ಮರಾಠಿಯ ಧಾಟಿ ಕೇಳಿ ಅವಳೇ ಮೊದಲು ಕೇಳಿದಳು.

‘ಕಾಕಾ, ನೀವು ಕನ್ನಡದವ್ರೇನ್ರಿ?’

‘ಹೌದವಾ, ವಿಜಾಪುರ ಕಡೆಯಂವ.’

‘ನಾವು ಯಾದಗಿರಿ ಕಡೆಯವ್ರರಿ. ನನ್ನ ಹೆಸರು ರೇಣುಕಾ. ಇವ್ರು ನಮ್ಮಪ್ಪ.’

ತಂದೆ ಹಣಮಂತಪ್ಪ ಖರಾಡಿಯಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಹುಡುಗಿ ಯೆರವಡಾದಲ್ಲೇ ಮರಾಠಿ ಶಾಲೆಯಲ್ಲಿ ಓದಿ ಹನ್ನೆರಡನೆಯದು ಪಾಸಾಗಿದ್ದಳು. ಅವಳು ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಇಟ್ಟಳು. ನೋಡಿದ ಕೂಡಲೇ ಗುರುತು ಹತ್ತಿತು. ನಮ್ಮ ಪಟ್ಟಿಯ ಪ್ರಿಂಟು. ಇಪ್ಪತ್ತು ಹೆಸರು, ಆಮೇಲೆ ಬಿಳಿ ಜಾಗ, ಎಲ್ಲಕ್ಕೂ ಕೆಳಗೆ ನಮ್ಮ ಕಂಪನಿಯ ಹೆಸರು, ವಿಳಾಸ. ನಮ್ಮ ಹೆಸರು ಅಕ್ಷರದಲ್ಲಿತ್ತು, ತಟ್ಟನೆ ಬಂದಿತ್ತು. ಅವಳ ಹೆಸರು ಚಿತ್ರದಲ್ಲಿತ್ತು.

‘ಸಲೀಂಭಾಯಿ ಕಡೆ ನೋಡಿದ್ವಿರಿ’ ಅಂದಳು. ‘ಇಪ್ಪತ್ತ ಮಂದಿನ ತಗೊಂಡಾರ, ನನ್ನ ಹೆಸರು ಬಂದಿಲ್ಲ ಅಂತ ಸುಮ್ನಾದ್ವಿ. ಮೊನ್ನೆ ನಮ್ಮ ಕ್ಲಾಸಿನ ಹುಡುಗಿ ಸಿಕ್ಕಳ್ರಿ. ಆಕಿಗೆ ಅಲ್ಲೇ ಸೀಟು ಸಿಕ್ಕದ. ನಿನ್ನ ಹೆಸರು ನನಕಿಂತ ಮ್ಯಾಲೇ ಇತ್ತಲ್ಲ, ಯಾಕ ಬರ್ಲಿಲ್ಲ ಅಂತ ಕೇಳಿದಳು. ಅಲ್ಲಿ ಹೋಗಿ ಕೇಳಿದ್ರ, ವೆಬ್‌ಸೈಟ್‌ನಾಗ ಹಾಕಿದ್ವಿ, ನೀನೇ ಬರ್ಲಿಲ್ಲ ಅಂತಾರ. ಸೀಟು ಬ್ಯಾರೇದಾಕಿಗೆ ಕೊಟ್ಟಾರ. ಇದನ್ನ ಮಾಡಿದವ್ರನ್ನ ಕೇಳು ಅಂದ್ರು, ಅದಕ್ಕ ಬಂದೀವ್ರಿ.’

ಹಣಮಂತಪ್ಪ, ‘ಹುಡುಗಿ ಭಾಳ ಶ್ಯಾಣ್ಯಾಕಿ ಅದಾಳ್ರಿ’ ಅಂದ. ‘ಹೆಸರು ಬಂದ್ರ ಜೇಜುರಿಗೆ ನಡಕೋತ ಬರ್ತೀನಿ ಅಂತ ಖಂಡೋಬಗ ಬೇಡಿಕೊಂಡಿದ್ದೆ. ಬಂದಿತ್ತಂತ ಈಗ ಗೊತ್ತಾಗ್ಯದ.’

ಅವರನ್ನು ಸಾಹೇಬರ ಕೋಣೆಗೆ ಕರೆದುಕೊಂಡು ಹೋದೆ. ವಿಷಯ ಹೇಳಿದೆ. ಸಾಹೇಬರು ಹಸಿರು ಫೈಲು ತರಿಸಿ, ತಮ್ಮ ಸಹಿಯಿದ್ದ ಪ್ರಿಂಟನ್ನು ತೆರೆದು ಮೇಜಿನ ಮೇಲೆ ಹರಡಿದರು. ನಲವತ್ತು ಹೆಸರು. ಮೂವತ್ತನಾಲ್ಕನೆಯದು ರೇಣುಕಾ ಹಣಮಂತಪ್ಪ. ಬೆರಳಿಟ್ಟು ತೋರಿಸಿ, ‘ಇದೆಯಲ್ಲ? ನಮ್ಮ ಕೆಲಸ ಸರಿಯಾಗಿದೆ’ ಅಂದರು.

ಹಣಮಂತಪ್ಪ ಆ ಕಾಗದವನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ‘ಕಾಗದದಾಗ ಅದ ಅಂತಾರ. ಆ ಡಬ್ಬ್ಯಾಗ ಇದ್ದಿಲ್ರಿ’ ಅಂದ. ಅದನ್ನು ಮರಾಠಿಯಲ್ಲಿ ಹೇಳಿದೆ.

ಸಾಹೇಬರು ಹುಡುಗಿಯ ಅರ್ಧ ಪ್ರಿಂಟನ್ನು ಎತ್ತಿಕೊಂಡರು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರು ಮುಂದೆ ಹೇಳಿದ ಮಾತನ್ನು ಇಷ್ಟು ವರ್ಷವಾದರೂ ನಾನು ಕ್ಷಮಿಸಿಲ್ಲ. ‘ನೋಡಮ್ಮಾ, ನಿನ್ನ ಕಾಗದದಲ್ಲಿ ಶಿಕ್ಕಾ ಇಲ್ಲ. ಶಿಕ್ಕಾ ಇಲ್ಲ ಅಂದರೆ ಕಾಗದ ಪೂರ್ತಿ ಆಗಿಲ್ಲ ಅಂತ ಅರ್ಥ. ಹನ್ನೆರಡನೆಯದು ಓದಿದವಳಿಗೆ ಇಷ್ಟು ತಿಳಿಯಬೇಡವೆ?’

ಯಾವ ಶಿಕ್ಕಾ ಚಂದ ಕಾಣಲಿ ಎಂದು ಆ ಹಾಳೆಯನ್ನು ಕಲ್ಲುಗುಂಡಿನಷ್ಟು ಭಾರ ಮಾಡಿದ್ದೆವೋ, ಆ ಶಿಕ್ಕಾ ಕೂಡ ಕೆಳಗೆ ಉಳಿದು ಬಂದಿರಲಿಲ್ಲ. ಅದನ್ನೇ ಹಿಡಿದು ಅವಳ ಮೇಲೆ ತಪ್ಪು ಹೊರಿಸುತ್ತಿದ್ದರು. ರೇಣುಕಾ ತಲೆ ತಗ್ಗಿಸಲಿಲ್ಲ. ಅಚ್ಚ ಮರಾಠಿಯಲ್ಲಿ, ‘ಸರ್, ಶಿಕ್ಕಾ ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮುಗಿಯಿತು ಅಂತ ಕಂಪ್ಯೂಟರೇ ಹೇಳಿತು’ ಅಂದಳು.

ಸಾಹೇಬರು ನನ್ನನ್ನು ಕೇಳಿದರು, ‘ಹಂಚಿನಾಳ್ಕರ್, ಪಟ್ಟಿ ಪೂರ್ತಿ ಹಾಕಿದ್ದಿರಲ್ಲ?’

‘ಹೌದು ಸಾಹೇಬ್’ ಅಂದೆ.

ಅಷ್ಟೇ ಅಂದೆ. ಸುಳ್ಳಲ್ಲ, ಪೂರ್ತಿ ಹಾಕಿದ್ದೆ. ಅರ್ಧಕ್ಕೆ ನಿಲ್ಲುತ್ತದೆ ಎಂದು ನಾನು ಮೊದಲ ದಿನವೇ ಅದೇ ಕೆಫೆಯಲ್ಲಿ, ಪ್ರಾಯಶಃ ಅದೇ ಗೂಡಿನಲ್ಲಿ ಕೂತು ನೋಡಿದ್ದೆ ಎಂದು ಹೇಳಲಿಲ್ಲ. ನಾಲಿಗೆ ಬಿದ್ದುಹೋಗಿತ್ತೇ? ಇಲ್ಲ, ನೌಕರಿಯ ಭಯ. ನನ್ನ ಇಡೀ ವೃತ್ತಿಯಲ್ಲಿ ನಾನು ಆಡಿದ ಅತ್ಯಂತ ಹೇಸಿಗೆಯ ಮಾತು ಅದು, ಎರಡೇ ಪದ.

ಮರುದಿನ ರಜೆ ಹಾಕಿ ಅವರ ಜೊತೆ ತರಬೇತಿ ಸಂಸ್ಥೆಗೆ ಹೋದೆ. ಪ್ರಾಚಾರ್ಯೆಯವರ ಮುಂದೆ ಎಲ್ಲವನ್ನೂ ಹೇಳಿದೆ, ಕೆಫೆಯ ಭಾನುವಾರದ ಸಂಗತಿಯನ್ನೂ. ಅವರು ಒಳ್ಳೆಯ ಹೆಂಗಸು. ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ‘ಇದನ್ನು ಅವತ್ತೇ ಫೋನ್ ಮಾಡಿ ಹೇಳಿದ್ದರೆ ನಾನು ಕಾರ್ಡು ಬರೆಯುತ್ತಿದ್ದೆ. ಈಗ ಆ ಜಾಗದಲ್ಲಿ ಬಂದವಳು ಇವಳಂಥದೇ ಹುಡುಗಿ. ತಾಯಿ ಮನೆಕೆಲಸ ಮಾಡುತ್ತಾಳೆ. ಹಾಸಿಗೆ ಹಾಸಿಕೊಂಡು ಕೂತವಳನ್ನು ಎಬ್ಬಿಸಿ ಹೊರಗೆ ಕಳಿಸಲೇ?’ ಅಂದರು. ಇನ್ನೊಂದು ಹಾಸಿಗೆ ಹಾಕಲು ಬರುವುದಿಲ್ಲವೇ ಎಂದು ರೇಣುಕಾ ಕೇಳಿದಳು. ನಲವತ್ತೇ ಎಂದು ಸರಕಾರದ ನಿಯಮವಿತ್ತು. ಸಿಟ್ಟು ಮಾಡಲು ಅಲ್ಲಿ ಒಬ್ಬ ಕೆಟ್ಟ ಮನುಷ್ಯ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಬಸ್ಸಿನಲ್ಲಿ ಬರುವಾಗ ನನಗೆ ಅನಿಸುತ್ತಿತ್ತು.

ಶನಿವಾರ ಸಾಹೇಬರು ಬೇಗ ಮನೆಗೆ ಹೋದರು. ನಾನು ನೋಟ್‌ಪ್ಯಾಡ್ ತೆರೆದು ಪಟ್ಟಿಯನ್ನು ಬರೆಯಲು ಕೂತೆ. ಶೀರ್ಷಿಕೆ, ಒಂದು ಗುರುತು, ಹೆಸರು, ಹೊಸ ಸಾಲಿನ ಗುರುತು, ಮತ್ತೆ ಹೆಸರು. ಮೇಲೆ ಒಂದು ಸಾಲು ಸೇರಿಸಿದೆ: ‘ಒಟ್ಟು ನಲವತ್ತು ಹೆಸರುಗಳಿವೆ. ನಲವತ್ತೂ ಕಾಣದಿದ್ದರೆ ಸಂಸ್ಥೆಗೆ ಫೋನ್ ಮಾಡಿ.’ ಪ್ರಿಂಟ್ ತೆಗೆಯಲಿಲ್ಲ, ಸಹಿಗೆ ಇಡಲಿಲ್ಲ, ಶಿಕ್ಕಾದ ಚಿತ್ರವನ್ನು ಕಿತ್ತು ಒಗೆದು ಇದನ್ನು ಏರಿಸಿದೆ. ಇಡೀ ಕೆಲಸಕ್ಕೆ ಅರ್ಧ ತಾಸೂ ಹಿಡಿಯಲಿಲ್ಲ.

ಇದರಿಂದ ಆಮೇಲೆ ನನಗೆ ಮೆಮೊ ಬಂತು, ವಿಭಾಗದ ಮುಖ್ಯಸ್ಥ ಎಂಬ ಹೆಸರು ಹೋಯಿತು, ಎರಡು ವರ್ಷದಲ್ಲಿ ಬೇರೆ ಕಡೆ ಕೆಲಸ ಹುಡುಕಿಕೊಂಡೆ. ಅಲ್ಲಿ ಪ್ರತಿ ಪುಟವನ್ನೂ ಹಾಳು ಲೈನಿನಲ್ಲಿ ನೋಡದೆ ಏರಿಸುವುದಿಲ್ಲ ಎಂದು ಹಟ ಮಾಡಿ ಎಲ್ಲರ ಕೈಲೂ ಅನಿಸಿಕೊಂಡೆ. ಅದು ದೊಡ್ಡ ಸಂಗತಿಯಲ್ಲ. ಲೈನು ಚುರುಕಾಯಿತು, ಫೋನಿನಲ್ಲೂ ಪುಟ ಬರತೊಡಗಿತು. ಖರಾಡಿಯಲ್ಲಿ ಹಣಮಂತಪ್ಪನಂಥವರು ಕಟ್ಟಿದ ಒಂದು ಕಟ್ಟಡದಲ್ಲೇ ಕೂತು ನನ್ನ ಕಡೆಯ ವರ್ಷಗಳಲ್ಲಿ ಕೆಲಸ ಮಾಡಿದೆ. ಅಲ್ಲಿಯ ಹುಡುಗರೂ ತಮ್ಮ ಅಗಲ ಪರದೆಯಲ್ಲಿ ನೋಡಿ, ‘ಮಸ್ತ ಬಂದಿದೆ’ ಎಂದು ಏರಿಸಿ ಊಟಕ್ಕೆ ಏಳುತ್ತಾರೆ. ಪ್ರವೇಶದ ಪಟ್ಟಿಗೆ ಸುತ್ತ ನಾಲ್ಕು ಹಾರುವ ಚಿತ್ರ, ಮೊದಲು ಒಂದು ಸ್ವಾಗತದ ಹಾಡು. ನೋಡುವವನ ಹತ್ತಿರ ಏನಿದೆ ಎಂದು ಕೇಳಿದರೆ ‘ಅಪ್‌ಗ್ರೇಡ್ ಮಾಡಿಕೊಳ್ಳಲಿ’ ಅನ್ನುತ್ತಾರೆ. ಪೆಂಡ್ಸೆ ಸಾಹೇಬರು ಟೀ ಶರ್ಟ್ ಹಾಕಿಕೊಂಡು ಮತ್ತೆ ಬಂದಿದ್ದಾರೆ ಎನಿಸುತ್ತದೆ.

ಹೊಸ ಪಟ್ಟಿ ಏರಿಸಿದ ಮರುದಿನದ, ಆ ಭಾನುವಾರದ ಬೆಳಿಗ್ಗೆಯದು ಹೇಳಿ ಮುಗಿಸುತ್ತೇನೆ. ಹಣಮಂತಪ್ಪನನ್ನೂ ರೇಣುಕಾಳನ್ನೂ ಸಲೀಂಭಾಯಿಯ ಕೆಫೆಗೆ ಬರಹೇಳಿದ್ದೆ. ಯಾಕೆ ಬರಹೇಳಿದೆನೋ ನನಗೇ ಪೂರ್ತಿ ಗೊತ್ತಿರಲಿಲ್ಲ. ತಪ್ಪು ಅವಳದಲ್ಲ ಎಂದು ಅವಳ ಕಣ್ಣಿಗೇ ತೋರಿಸಬೇಕು ಅನಿಸಿತ್ತು. ಇನ್ನೂ ನಿಜ ಹೇಳಬೇಕೆಂದರೆ, ಅವರ ಮುಂದೆ ಸ್ವಲ್ಪ ಒಳ್ಳೆಯವನಾಗಬೇಕಿತ್ತು. ಮೊದಲು ನನ್ನ ತಪ್ಪು ಹೇಳಿಕೊಂಡೆ. ಪಟ್ಟಿ ಅರ್ಧಕ್ಕೆ ನಿಲ್ಲುವುದನ್ನು ನಾನು ಕಂಡಿದ್ದೆ, ಕಂಡೂ ಸುಮ್ಮನಿದ್ದೆ ಎಂದೆ. ಪ್ರಾಚಾರ್ಯರ ಮುಂದೆ ಮರಾಠಿಯಲ್ಲಿ ಹೇಳಿದ್ದು ಹಣಮಂತಪ್ಪನಿಗೆ ಆಗ ಪೂರ್ತಿ ತಿಳಿದಿರಲಿಲ್ಲ. ಈಗ ತಿಳಿಯಿತು. ಅವನು ನನ್ನ ಮುಖ ನೋಡಲಿಲ್ಲ, ಬಾಗಿಲಿನ ಹೊರಗೆ ನೋಡುತ್ತ ನಿಂತ.

ರೇಣುಕಾ ಗೂಡಿನೊಳಗೆ ಕೂತಳು. ಸಲೀಂಭಾಯಿ ಲೈನು ಹಚ್ಚಿ ವಿಳಾಸ ಹೊಡೆದ. ಅವಳು ಹಿಂದಿನ ಸಲದಂತೆ ಕಾಯುವುದಕ್ಕೆಂದು ಗೋಡೆಗೆ ಒರಗಿಕೊಂಡಳು. ಒರಗುವಷ್ಟರಲ್ಲಿ ಪಟ್ಟಿ ಬಂದಿತ್ತು. ನಲವತ್ತೂ ಹೆಸರು, ಒಮ್ಮೆಗೇ. ಅವಳು ಮುಂದೆ ಬಾಗಿ ಬೆರಳು ಇಳಿಸುತ್ತ ಹೋಗಿ ಮೂವತ್ತನಾಲ್ಕರ ಮೇಲೆ ನಿಲ್ಲಿಸಿದಳು. ಪರದೆಯ ಮೇಲೆ ತನ್ನ ಹೆಸರನ್ನು ಅವಳು ನೋಡಿದ್ದು ಅದೇ ಮೊದಲು.

‘ಇದನ್ನ ಹೆಂಗ ಮಾಡಿದ್ರಿ, ಕಾಕಾ?’ ಎಂದು ಕೇಳಿದಳು.

‘ಹೆಸರು ಟೈಪ್ ಮಾಡಿದೆನವಾ. ಬ್ಯಾರೆ ಏನಿಲ್ಲ.’

‘ಎಷ್ಟು ಹೊತ್ತು ಹಿಡೀತ್ರಿ?’

‘ಅರ್ಧ ತಾಸು.’

ಅವಳು ಪರದೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. ಬೈಯಲಿಲ್ಲ, ಅಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವಳ ಹಾಗೆ ಕೇಳಿದಳು.

‘ಇಷ್ಟ ಸಣ್ಣ ಕೆಲಸ ಇತ್ತೇನ್ರಿ?’

ಹಣಮಂತಪ್ಪ ‘ನಡಿಯವಾ’ ಅಂದ, ಇಬ್ಬರೂ ಹೋದರು. ಆ ಮಳೆಗಾಲ ಕಳೆಯುವುದರೊಳಗೆ ಅವನ ಕೆಲಸ ಬೇರೆ ಊರಿಗೆ ಹೋಯಿತು, ಅವರ ಗುಡಿಸಲು ಇದ್ದಲ್ಲಿ ಬೇರೆಯವರು ಬಂದರು. ಅವಳು ಮುಂದೆ ಏನಾದಳೋ ನನಗೆ ಗೊತ್ತಿಲ್ಲ. ಹೌದವಾ, ಇಷ್ಟೇ ಸಣ್ಣ ಕೆಲಸ ಇತ್ತು ಎಂದು ಅವತ್ತೇ ಅವಳಿಗೆ ಹೇಳಬೇಕಿತ್ತು.